ಯಡಿಯೂರಲ್ಲಿ ಬಿಟ್ಟ ಮಾತ್ರೆ

ತುಮಕೂರಿನ ಆಸ್ಪತ್ರೆಯಲ್ಲಿ ಇಂಪನಾ ತನ್ನ ಸರದಿಗೆ ಕಾಯುತ್ತಿದ್ದಾಗ ಪಕ್ಕದ ಬೆಂಚಿನಲ್ಲಿ ಅಕ್ಕನೊಬ್ಬಳು ತಮ್ಮನಿಗೆ ಗ್ರಹಚಾರ ಬಿಡಿಸುತ್ತಿದ್ದಳು.

“ಉಬ್ಬಸದ ಸ್ಟೀರಾಯ್ಡ್ ಮಾತ್ರೆ ಯಾಕ್ಲಾ ನಿಲ್ಲಿಸ್ದೆ?”

“ವರ್ಷದಿಂದ ನುಂಗಿ ನುಂಗಿ ಮುಖ ಕಡುಬಾಗೈತೆ ಕಣಕ್ಕ. ಅದ್ಕೇ ಯಡಿಯೂರಲ್ಲಿ ದೇವ್ರ ಮುಂದೆ ಬುಟ್ಬುಟ್ಟೆ.”

“ನಾನು ಕರ್ಕೊಂಡು ಹೋಗಿದ್ದು ಬೀಡಿ ಬುಡ್ಲಿ ಅಂತ ಕಣ್ಲಾ!”

“ಏನಾದ್ರೂ ಒಂದು ಬುಟ್ಟು ಬರ್ಬೇಕು ಅಂದೆ ನೀನು. ಬುಟ್ಟೆ.”

“ಮಾತ್ರೆ ಬುಟ್ಟ ಮೂರನೇ ದಿನಕ್ಕೇ ತೋಟದಲ್ಲಿ ತಲೆ ತಿರುಗಿ ಬಿದ್ದಿದ್ದೆ ನೀನು. ಒಂದೇ ಸಲ ನಿಲ್ಲಿಸಿದ್ರೆ ಜೀವಕ್ಕೇ ಬತ್ತದೆ, ಚೂರುಚೂರೇ ಕಮ್ಮಿ ಮಾಡ್ಬೇಕು ಅಂತ ಡಾಕ್ಟ್ರು ಬಡ್ಕೊಂಡಿರ್ಲಿಲ್ವಾ?”

“ಹಂಗಾದ್ರೆ ಬೀಡೀನೂ ಚೂರುಚೂರೇ ಕಮ್ಮಿ ಮಾಡ್ತೀನಿ ಬುಡಕ್ಕ.”

“ಕೆಂಪರಂಗಯ್ಯ!” ನರ್ಸ್ ಕೂಗಿದಳು.

ಅಕ್ಕ ಅವನ ಜೇಬಿನಿಂದ ಬೀಡಿಕಟ್ಟು ಕಿತ್ತು ಕಸದ ಡಬ್ಬಿಗೆ ಎಸೆದು, ರಟ್ಟೆ ಹಿಡಿದು ಎಬ್ಬಿಸಿದಳು.

“ಇದನ್ನ ಒಂದೇ ಸಲಕ್ಕೆ ನಿಲ್ಲಿಸ್ಬೋದು. ನಡಿ.”