ಹೆಣ್ಣೊಪ್ಪಿಸುವಾಗ ಅತ್ತ ಮ್ಯಾನೇಜರು

ಪ್ರಸಾದಕ್ಕೆ ಇನ್ನೂ ಹೊತ್ತಿದೆ, ಅಲ್ಲಿಯವರೆಗೆ ಒಂದು ಕಥೆ ಕೇಳಿ. ಒಂದು ಊರು, ನೋಡಿ. ಆ ಊರಿಗೊಬ್ಬ ಶ್ರೀಮಂತ. ಶ್ರೀಮಂತನಿಗೊಂದು ಕಲ್ಯಾಣ ಮಂಟಪ. ಆ ಮಂಟಪಕ್ಕೊಬ್ಬ ಮ್ಯಾನೇಜರು. ಕಥೆ ಶ್ರೀಮಂತನದಲ್ಲ, ಮ್ಯಾನೇಜರನದು.

ಮದುವೆಗೆ ಹೋಗಿ ಉಂಡು ಬರುವ ನಮಗೆ ಆ ಮ್ಯಾನೇಜರನ ಪಾಡು ಏನು ಗೊತ್ತು? ನೀರು ನಿಂತರೆ ಅವನಿಗೆ ಬೈಗುಳ. ಕರೆಂಟು ಹೋದರೆ ಅವನಿಗೆ ಬೈಗುಳ. ಗಂಡಿನ ಸೋದರಮಾವನಿಗೆ ಕಾಫಿ ತಣ್ಣಗೆ ಬಂದರೂ ಅವನಿಗೇ ಬೈಗುಳ. 'ಗಂಡಿನ ಕಡೆಯವರಿಗೆ ಯಾಕ್ರೀ ದೊಡ್ಡ ರೂಮು?' ಅಂತ ಹೆಣ್ಣಿನ ಕಡೆಯವರು. 'ಇದನ್ನ ರೂಮು ಅಂತೀರೇನ್ರೀ?' ಅಂತ ಗಂಡಿನ ಕಡೆಯವರು. ಮದುವೆಯಲ್ಲಿ ಎರಡು ಮನೆತನ ಒಂದಾಗುತ್ತವೆ ಅನ್ನುತ್ತೇವಲ್ಲ, ನಿಜ. ಮ್ಯಾನೇಜರನನ್ನು ಬೈಯುವಾಗ ಒಂದಾಗುತ್ತವೆ!

ವರ್ಷಗಟ್ಟಲೆ ಹೀಗೇ ನಡೆಯಿತು. ಬರಬರುತ್ತಾ ಅವನಿಗೆ ನಿದ್ದೆ ಹೋಯಿತು. ಊಟ ರುಚಿಸದಾಯಿತು. ಮನೆಯಲ್ಲಿ ಯಾರಾದರೂ ನಕ್ಕರೂ ಕಿರಿಕಿರಿ. 'ಏನಾಗಿದೆ ರೀ ನಿಮಗೆ?' ಅಂತ ಹೆಂಡತಿ ಕೇಳಿದಳು. 'ಏನಿಲ್ಲ, ಮದುವೆ ಸೀಸನ್ನು' ಅಂದ. ಆಷಾಢ ಬಂತು. 'ಈಗ ಸೀಸನ್ ಇಲ್ವಲ್ಲ?' ಅಂದಳು. 'ಸೀಸನ್ ಇಲ್ಲ ಅಂತಲೇ' ಅಂದ.

ಆಮೇಲೆ ಅಳು ಶುರುವಾಯಿತು. ಬಾಳೆಲೆ ಜೋಡಿಸುತ್ತಿದ್ದರೆ ಅಳು, ಬೀಗ ಹಾಕುತ್ತಿದ್ದರೆ ಅಳು. ಆದರೆ ಗಂಡಸು ಅಳುವುದೆಲ್ಲಿ? ಮನೆಯಲ್ಲಿ ಅತ್ತರೆ ಹೆಂಡತಿ ಹೆದರುತ್ತಾಳೆ. ಆಫೀಸಿನಲ್ಲಿ ಅತ್ತರೆ ಅಡುಗೆಯವರು ನೋಡುತ್ತಾರೆ. ಯೋಚಿಸಿದ. ಯಾರು ಎಷ್ಟು ಅತ್ತರೂ ಯಾಕೆ ಅಂತ ಯಾರೂ ಕೇಳದ ಹೊತ್ತು ಮದುವೆಯಲ್ಲಿ ಒಂದಿದೆ. ಯಾವುದು ಹೇಳಿ? ಹೆಣ್ಣೊಪ್ಪಿಸುವ ಶಾಸ್ತ್ರ! ಬೆಳಗಿನಿಂದ ಹಲ್ಲು ಕಚ್ಚಿ ತಡೆದುಕೊಂಡು, ಆ ಹೊತ್ತಿಗೆ ಸರಿಯಾಗಿ ಹೆಣ್ಣಿನ ಕಡೆಯವರ ಹಿಂದೆ ಹೋಗಿ ನಿಂತು ಮನಸಾರೆ ಅತ್ತುಬಿಡುತ್ತಿದ್ದ.

ಒಬ್ಬ ಮದುಮಗಳಂತೂ ಕಾರು ಹತ್ತುವವಳು ನಿಂತು, 'ಅಳಬೇಡಿ ಅಂಕಲ್, ಹಬ್ಬಕ್ಕೆ ಬರ್ತೀನಿ' ಅಂತ ಸಮಾಧಾನ ಮಾಡಿದಳು. ಮದುಮಗ ಮೆಲ್ಲಗೆ, 'ಇವರು ನಿಮ್ಮ ದೊಡ್ಡಪ್ಪನಾ?' ಅಂದ. ಅವಳು ಮೂಗೊರೆಸಿಕೊಳ್ಳುತ್ತಾ, 'ನಾನೂ ಇವತ್ತೇ ನೋಡಿದ್ದು' ಅಂದಳು.

ಸುದ್ದಿ ಹಬ್ಬಿತು. 'ಆ ಮಂಟಪದ ಮ್ಯಾನೇಜರಿಗೆ ಎಂಥಾ ಮನಸ್ಸು! ಮನೆಮಗಳ ಥರ ಕಳಿಸಿಕೊಡ್ತಾರೆ.' ಬುಕಿಂಗ್ ಜಾಸ್ತಿಯಾಯಿತು. ಶ್ರೀಮಂತ ಕರೆದು ಬೆನ್ನು ತಟ್ಟಿದ: 'ತುಂಬಾ ಚೆನ್ನಾಗಿ ಅಳ್ತೀಯಂತಲ್ಲಯ್ಯಾ! ಹೀಗೇ ನಡೆಸಿಕೊಂಡು ಹೋಗು.'

ನಗುತ್ತಿದ್ದೀರಿ. ನಗಿ, ಪರವಾಗಿಲ್ಲ. ಆದರೆ ಒಳಗೆ ಅವನು ದಿನದಿನಕ್ಕೂ ಮುಳುಗುತ್ತಿದ್ದ. ಹೊರಗೆ ಎಲ್ಲರೂ ಭೇಷ್ ಅನ್ನುತ್ತಿದ್ದರು.

ಒಂದು ಮದುವೆ. ಹೆಣ್ಣಿನ ಕಾರು ಹೊರಟಿತು. ಹೆಣ್ಣಿನ ತಾಯಿ ಕಣ್ಣೊರೆಸಿಕೊಂಡು, ಕಾಣೆಯಾದ ಹಿತ್ತಾಳೆ ಚೊಂಬು ಹುಡುಕಲು ಹೋದಳು. ಅತ್ತೆಯರು, ಚಿಕ್ಕಮ್ಮಂದಿರು ಬೀಡಾ ತಿನ್ನಲು ಹೋದರು. ಮ್ಯಾನೇಜರು ಮಾತ್ರ ಕಂಬ ಹಿಡಿದು ಅಳುತ್ತಲೇ ಇದ್ದ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹುಡುಗಿಯ ಅಜ್ಜಿ ನೋಡುತ್ತಿದ್ದಳು.

'ನಮ್ಮದೆಲ್ಲ ಅಳು ಮುಗೀತಲ್ಲಪ್ಪಾ, ನಿಂದ್ಯಾಕೆ ಇನ್ನೂ ಮುಗೀಲಿಲ್ಲ?'

'ಮಗು ಹೋಯ್ತಲ್ಲ ಅಜ್ಜಿ...'

'ಎಲ್ಲಿಗೆ ಹೋಯ್ತು? ಅವಳನ್ನ ಕೊಟ್ಟಿರೋದು ನಮ್ಮ ಹಿಂದಿನ ಬೀದಿಗೆ! ಸುಳ್ಳು ಹೇಳಬೇಡ. ಯಾಕೆ ಅಳ್ತಿದ್ದೀಯ?'

ಇಷ್ಟು ದಿನದಲ್ಲಿ ಅವನನ್ನು ಯಾರೂ ಹೀಗೆ ಬಿಡದೆ ಕೇಳಿರಲಿಲ್ಲ. 'ಗೊತ್ತಿಲ್ಲ ಅಜ್ಜಿ' ಅಂದ. 'ಬೆಳಿಗ್ಗೆ ಎಚ್ಚರ ಆದ್ರೆ, ಯಾಕಪ್ಪಾ ಎಚ್ಚರ ಆಯ್ತು ಅನ್ನಿಸುತ್ತೆ.'

ಅಜ್ಜಿ ಗಾಬರಿಯಾಗಲಿಲ್ಲ. ಉಪದೇಶ ಮಾಡಲಿಲ್ಲ. 'ಹೆಂಡ್ತಿಗೆ ಹೇಳಿದ್ದೀಯಾ? ಡಾಕ್ಟರಿಗೆ?'

'ಮನಸ್ಸಿನ ಡಾಕ್ಟರ ಹತ್ರ ಹೋದ್ರೆ ಜನ ಏನಂತಾರೆ ಅಜ್ಜಿ!'

'ಬೆಳಗಿಂದ ಜನ ನಿನ್ನನ್ನ ಏನೇನು ಅಂದ್ರು ಅಂತ ಇಲ್ಲೇ ಕೂತು ಕೇಳಿಸಿಕೊಂಡಿದ್ದೀನಿ. ಅಂದವರಲ್ಲಿ ನನ್ನ ಮಗನೂ ಇದ್ದ. ಇನ್ನೊಂದು ಮಾತು ಅಂದ್ರೆ ನಿನಗೇನು ಹೊಸದಾ? ಮಾಡು ಹೆಂಡ್ತಿಗೆ ಫೋನು. ನೀನು ಮಾತಾಡಿ ಮುಗಿಸೋವರೆಗೂ ನಾನು ಏಳಲ್ಲ.'

ಮಾಡಿದ. ಹೆಂಡತಿ ಕಿರುಚಲಿಲ್ಲ, ಮೂರ್ಛೆ ಹೋಗಲಿಲ್ಲ. 'ಅಂತೂ ಬಾಯಿ ಬಿಟ್ರಲ್ಲ' ಅಂದಳು. ಮರುದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಅಲ್ಲಿ ಬೆಂಚಿನ ಮೇಲೆ ಒಬ್ಬ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ. ಟವೆಲು ಜಾರಿತು. ಯಾರು? ತಣ್ಣನೆ ಕಾಫಿಗೆ ಬೈದ ಸೋದರಮಾವ! 'ನೀವೇನ್ರೀ ಇಲ್ಲಿ?' ಅಂದ ಇವನು. 'ಸಿಟ್ಟು ತಡೆಯೋಕಾಗಲ್ಲ. ನೀವು?' 'ನನಗೆ ಅಳು.' ಇಬ್ಬರೂ ಸ್ವಲ್ಪ ಸರಿದು ಪಕ್ಕಪಕ್ಕ ಕೂತರು.

ಡಾಕ್ಟರು ಪೂರ್ತಿ ಕೇಳಿಸಿಕೊಂಡರು. 'ಕೊನೇ ಸಲ ರಜೆ ತಗೊಂಡಿದ್ದು ಯಾವಾಗ?'

'ನನ್ನ ಮದುವೆಗೆ ಸಾರ್. ಅದೂ ಪೂರ್ತಿ ಅಲ್ಲ. ಮದುವೆ ನಮ್ಮ ಮಂಟಪದಲ್ಲೇ ಇತ್ತು. ಊಟದ ಹೊತ್ತಿಗೆ ಜನರೇಟರ್ ನೋಡೋಕೆ ಹೋಗಿದ್ದೆ.'

'ಇದು ಕಾಯಿಲೆ. ನೀವು ಹೇಡಿ ಅಂತ ಅಲ್ಲ' ಅಂದರು ಡಾಕ್ಟರು. ಮಾತ್ರೆ ಬರೆದರು, ತಪ್ಪದೆ ಬಂದು ಮಾತಾಡಿಹೋಗಿ ಅಂದರು, ಕೆಲಸದ ಭಾರ ಕಡಿಮೆಯಾಗಲೇಬೇಕು ಅಂದರು.

ವಿಷಯ ಕೇಳಿ ಶ್ರೀಮಂತನಿಗೆ ದಿಗಿಲು. 'ವಾಸಿಯಾದ್ರೆ ನೀನು ಅಳೋದಿಲ್ವೇನಯ್ಯಾ? ಬುಕಿಂಗ್ ಗತಿ ಏನು?'

ಆವತ್ತು ಮೊದಲ ಸಲ ಮ್ಯಾನೇಜರು ಎದುರು ಮಾತಾಡಿದ. 'ಒಂದು ಮದುವೆ ನೀವೇ ನೋಡಿಕೊಳ್ಳಿ ಸ್ವಾಮಿ. ಅಳು ತಾನಾಗೇ ಬರುತ್ತೆ.'

ಶ್ರೀಮಂತ ನೋಡಿಕೊಂಡ. ಊಟದ ಎಲೆ ಹಾಕುವ ಹೊತ್ತಿಗೆ ಬೆವರೊರೆಸಿಕೊಳ್ಳುತ್ತಾ ಇನ್ನೊಬ್ಬನನ್ನು ಕೆಲಸಕ್ಕೆ ಇಟ್ಟುಕೊಂಡ. ಮ್ಯಾನೇಜರಿಗೆ ವಾರಕ್ಕೊಂದು ರಜೆ ಆಯಿತು. ಒಂದೇ ದಿನದಲ್ಲಿ ವಾಸಿಯಾಗಲಿಲ್ಲ, ತಿಂಗಳುಗಳೇ ಹಿಡಿದವು. ನಡುವೆ ಮತ್ತೆ ಕುಸಿದ, ಮತ್ತೆ ಡಾಕ್ಟರ ಹತ್ತಿರ ಹೋದ. ಈಗ ಮದುವೆ ಊಟಕ್ಕೆ ತಾನೂ ಕೂರುತ್ತಾನೆ, ಸಾರಿಗೆ ಉಪ್ಪು ಕಮ್ಮಿ ಅಂತ ಜಗಳ ತೆಗೆಯುತ್ತಾನೆ.

ಕಥೆ ಮುಗಿಯಿತು. ಈಗ ನಿಮ್ಮನ್ನು ಕೇಳುತ್ತೇನೆ. ಆ ಮಂಟಪದಲ್ಲಿ ನೀವು ಯಾರು? ಎಂಥಾ ಮನಸ್ಸು ಅಂತ ಹೊಗಳಿ ಬೀಡಾ ತಿನ್ನಲು ಹೋದವರೋ, ಕುರ್ಚಿ ಬಿಟ್ಟು ಏಳದೆ ಕೂತವರೋ? ನಿಮ್ಮ ಮನೆಯಲ್ಲಿ 'ಏನಿಲ್ಲ, ಕೆಲಸ ಜಾಸ್ತಿ' ಅನ್ನುವವರು ಯಾರು? ಆ ಮೊದಲ 'ಏನಿಲ್ಲ' ನಂಬಬೇಡಿ. ಇನ್ನೊಂದು ಸಲ ಕೇಳಿ. ಕೇಳಿ, ಅಲ್ಲೇ ಕೂತಿರಿ. ನಿಮ್ಮ ಕೈಕೆಳಗೆ ಕೆಲಸ ಮಾಡುವವರಿದ್ದರೆ, ಅವರು ಕೇಳುವ ಮೊದಲೇ ರಜೆ ಕೊಡಿ. ಇನ್ನು ಆ ಮ್ಯಾನೇಜರು ನೀವೇ ಆಗಿದ್ದರೆ? ಪ್ರಸಾದದ ಸಾಲು ಎಲ್ಲಿಗೂ ಓಡಿಹೋಗುವುದಿಲ್ಲ. ಏಳುವ ಮೊದಲು ಪಕ್ಕದಲ್ಲಿ ಕೂತ ನಿಮ್ಮವರಿಗೆ ಹೇಳಿ: 'ನಾಳೆ ನನ್ನ ಜೊತೆ ಡಾಕ್ಟರ ಹತ್ರ ಬರ್ತೀರಾ?' ಕೇಳಿಸಿಕೊಂಡವರು 'ಯಾಕೆ' ಅನ್ನಬೇಡಿ. 'ಎಷ್ಟು ಹೊತ್ತಿಗೆ' ಅನ್ನಿ.