ಕಪಾಟಿನಲ್ಲಿದ್ದ ದನಿ

ಹೊಟ್ಟೆಕಿಚ್ಚು ಎಂದ ಕೂಡಲೇ ನಮಗೆ ದೊಡ್ಡ ದೊಡ್ಡ ಸಂಗತಿಗಳು ನೆನಪಾಗುತ್ತವೆ. ಬಣವೆಗೆ ಬೆಂಕಿ ಇಟ್ಟರಂತೆ, ಬಾವಿಗೆ ವಿಷ ಹಾಕಿದರಂತೆ, ಮಾಟ ಮಾಡಿಸಿದರಂತೆ. ನೋಡಿ, ಅಷ್ಟೆಲ್ಲ ಬೇಕಾಗಿಲ್ಲ. ಎರಡಕ್ಷರದ ಒಂದು ಮಾತು ಸಾಕು. ಯಾವ ಮಾತು? ಕೇಳಿ, ಹೇಳುತ್ತೇನೆ.

ಒಂದೂರು. ಅಲ್ಲೊಬ್ಬ ಶ್ರೀಮಂತ, ಈರಸಂಗಪ್ಪ ಅಂತ. ಬಜಾರದಲ್ಲಿ ಅವನದೊಂದು ಫೋಟೊ ಸ್ಟುಡಿಯೊ. ಗಾಜಿನ ಬಾಗಿಲು, ಏಸಿ, ನಾಲ್ಕು ಕ್ಯಾಮೆರಾ, ಮದುವೆ ಮಂಟಪದ ಮೇಲೆ ಹಾರಿಸುವುದಕ್ಕೆ ಡ್ರೋನ್. ರಸ್ತೆಯ ಆಚೆ ಬದಿಗೆ ದುಂಡಪ್ಪನ ಸ್ಟುಡಿಯೊ. ಅದು ಎಷ್ಟು ಚಿಕ್ಕದೆಂದರೆ, ಇಬ್ಬರು ಒಳಗೆ ಹೋದರೆ ಮೂರನೆಯವರು ಮೆಟ್ಟಿಲ ಮೇಲೆ ನಿಲ್ಲಬೇಕು. ಈಗ ನೀವೇ ಹೇಳಿ, ಯಾರಿಗೆ ಯಾರನ್ನು ಕಂಡರೆ ಹೊಟ್ಟೆ ಉರಿಯಬೇಕು? ಬಡವನಿಗೆ ಶ್ರೀಮಂತನನ್ನು ಕಂಡು, ಅಲ್ಲವೇ? ಅಲ್ಲಿ ಹಾಗಿರಲಿಲ್ಲ. ಉರಿಯುತ್ತಿದ್ದವನು ಈರಸಂಗಪ್ಪ.

ಯಾಕೆ? ದುಂಡಪ್ಪನಿಗೊಂದು ಅಭ್ಯಾಸವಿತ್ತು. ಯಾರ ಮನೆಯ ಕಾರ್ಯವೇ ಇರಲಿ, ಮುಗಿಸಿ ಬಂದವನು ಕೈಕಾಲು ತೊಳೆಯುವ ಮೊದಲು ಫೋಟೊ, ವಿಡಿಯೊ ಎಲ್ಲವನ್ನೂ ಎರಡು ಹಾರ್ಡ್ ಡಿಸ್ಕಿಗೆ ಹಾಕುತ್ತಿದ್ದ. ನೋಡಿದ್ದೀರಲ್ಲ, ಅಂಗೈಯಷ್ಟು ಡಬ್ಬಿ, ವೈರು ಚುಚ್ಚಿದರೆ ಕಂಪ್ಯೂಟರಿನಲ್ಲಿ ತೆರೆಯುತ್ತದೆ, ಅದು. ಮೇಲೊಂದು ಚೀಟಿ ಅಂಟಿಸಿ ಯಾರ ಮನೆ, ಏನು ಕಾರ್ಯ, ಯಾವ ವರ್ಷ ಎಂದು ಬರೆಯುತ್ತಿದ್ದ. ಒಂದು ಡಬ್ಬಿ ಅಂಗಡಿಯಲ್ಲಿ. ಇನ್ನೊಂದು ಬೇರೆ ಓಣಿಯ ತಂಗಿಯ ಮನೆಯಲ್ಲಿ. ಆಗಾಗ ಎರಡನ್ನೂ ಚುಚ್ಚಿ, ತೆರೆಯುತ್ತವೆಯೋ ಇಲ್ಲವೋ ನೋಡುತ್ತಿದ್ದ.

ಹೀಗಾಗಿ ಎಂಟು ಹತ್ತು ವರ್ಷವಾದ ಮೇಲೂ ಜನ ಬರುತ್ತಿದ್ದರು. "ದುಂಡಣ್ಣ, ನಮ್ಮಪ್ಪ ತೀರಿಕೊಂಡ. ತಂಗಿ ಮದುವ್ಯಾಗ ನೀ ತಗದ ಫೋಟೊ ಅದಾವೇನು?" ಎನ್ನುತ್ತಿದ್ದರು. ದುಂಡಪ್ಪ ಹುಡುಕಿ ತೆಗೆದು ತೋರಿಸಿದರೆ, ಅಷ್ಟು ದೊಡ್ಡ ಗಂಡಸು ಅಷ್ಟು ಸಣ್ಣ ಅಂಗಡಿಯಲ್ಲಿ ಕೂತು ಬಿಕ್ಕುತ್ತಿದ್ದ. ಈರಸಂಗಪ್ಪ ಇದನ್ನು ಗಾಜಿನ ಬಾಗಿಲಿನಿಂದ ನೋಡುತ್ತಿದ್ದ. ಅವನ ಬಳಿಯೂ ಜನ ಹಾಗೆಯೇ ಕೇಳಿಕೊಂಡು ಬಂದಿದ್ದರು. ಆದರೆ ಅವನ ಕಂಪ್ಯೂಟರ್ ಎರಡು ಸಲ ಕೆಟ್ಟು, ಅದರೊಳಗಿದ್ದದ್ದೆಲ್ಲ ಹೋಗಿತ್ತು. ಹೊಸ ಫೋಟೊ ತೆಗೆಸುವುದಕ್ಕೆ ಜನ ಇವನ ಬಳಿ, ಅಳುವುದಕ್ಕೆ ಅವನ ಬಳಿ. ಇದು ಇವನನ್ನು ಸುಡುತ್ತಿತ್ತು.

ಏನು ಮಾಡಿದ? ತಾನೂ ಹಾರ್ಡ್ ಡಿಸ್ಕ್ ಕೊಂಡ. ದುಂಡಪ್ಪನದಕ್ಕಿಂತ ದೊಡ್ಡವು, ನಾಲ್ಕು. ಗಿರಾಕಿಗಳಿಗೆ ಕಾಣುವಂತೆ ಸಾಲಾಗಿ ಇಟ್ಟ. ಅದರೊಳಗೆ ಏನಾದರೂ ತುಂಬಿಸಿದನೇ? ಇಲ್ಲ. ನೋಡಿ, ಹೊಟ್ಟೆಕಿಚ್ಚು ಎದುರಿನವನ ಹತ್ತಿರ ಇರುವುದನ್ನು ಕೊಳ್ಳುತ್ತದೆ. ಎದುರಿನವನು ಮಾಡುವುದನ್ನು ಮಾಡುವುದಿಲ್ಲ.

ಒಂದು ದಿನ ದುಂಡಪ್ಪನೇ ರಸ್ತೆ ದಾಟಿ ಬಂದ. ಕೈಯಲ್ಲಿ ಡಬ್ಬಿಗಳ ಗಂಟು.

"ಈರಸಂಗಣ್ಣ, ಕಣ್ಣಿನ ಆಪರೇಶನ್ ಐತಿ, ಮಿರಜಿಗೆ ಹೊಂಟೀನಿ. ಹತ್ತು ದಿನ ಅಂಗಡಿ ಬಂದ್. ತಂಗಿ ಮನಿ ಕೆಡವಿ ಕಟ್ಟಾಕತ್ತಾರ, ಬರೇ ಧೂಳ. ಅಲ್ಲಿದ್ದ ಡಬ್ಬಿ ಇವು, ನಿಮ್ಮ ಕಪಾಟಿನ್ಯಾಗ ಇಡ್ರಿ. ಯಾರರ ಕೇಳಿ ಬಂದ್ರ, ಮ್ಯಾಲ ಹೆಸರು ಬರದೈತಿ, ತಗದು ಕೊಡ್ರಿ."

ಈರಸಂಗಪ್ಪ ಕಪಾಟಿನಲ್ಲಿಟ್ಟು ಬೀಗ ಹಾಕಿದ.

ನಾಲ್ಕನೆಯ ದಿನ ಮಧ್ಯಾಹ್ನ ಮಹಾನಂದಾ ಎಂಬ ಹೆಣ್ಣುಮಗಳು ಬಂದಳು. ಅವಳ ಗಂಡ ಶ್ರೀಶೈಲ ಎರಡು ವರ್ಷದ ಹಿಂದೆ ಜ್ವರದಲ್ಲಿ ಹೋಗಿದ್ದ. ಮನೆಯಲ್ಲಿ ಅತ್ತೆ ಗೌರವ್ವ. ಸಕ್ಕರೆ ಕಾಯಿಲೆ ಆಕೆಯ ಕಣ್ಣು ತೆಗೆದಿತ್ತು. ಈಗ ಹಾಸಿಗೆ ಹಿಡಿದಿದ್ದಳು, ಚಮಚದಲ್ಲಿ ನೀರು. ಕಣ್ಣಿಲ್ಲದ ತಾಯಿಗೆ ಮಗನ ಫೋಟೊ ತೋರಿಸಿ ಏನು ಪ್ರಯೋಜನ? ಆಕೆ ಕೇಳುತ್ತಿದ್ದದ್ದು ಮಗನ ದನಿ. ಆ ದನಿ ಅವನ ಫೋನಿನಲ್ಲಿತ್ತು. ಫೋನು ನೀರಿನ ತೊಟ್ಟಿಗೆ ಬಿದ್ದು ಸತ್ತಿತ್ತು.

"ಅಣ್ಣಾರ, ದುಂಡಣ್ಣನ ಡಬ್ಬಿ ನಿಮ್ಮ ಹತ್ರ ಐತಂತ ಅವರ ತಂಗಿ ಹೇಳಿದ್ರು. ನನ್ನ ಮಗಳನ್ನ ತೊಟ್ಟಿಲಿಗೆ ಹಾಕಿದ್ದರ ವಿಡಿಯೊ ಅದರಾಗ ಐತ್ರಿ. ನಮ್ಮತ್ತಿ ಉಳಿಯಂಗಿಲ್ಲಂತ ಡಾಕ್ಟರು ಅಂದಾರ. ಒಮ್ಮೆ ಮಗ ಮಾತಾಡೋದು ಕೇಳಬೇಕಂತಾಳ."

ಬೀಗದ ಕೈ ಈರಸಂಗಪ್ಪನ ಜೇಬಿನಲ್ಲೇ ಇತ್ತು. ಎದ್ದು ತೆಗೆದರೆ ಎರಡು ನಿಮಿಷದ ಕೆಲಸ. ಆದರೆ ಅವನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ನಾಳೆ ಊರೆಲ್ಲ ಏನನ್ನುತ್ತದೆ? ಸಾಯುವ ತಾಯಿಗೆ ದುಂಡಪ್ಪ ಮಗನ ಮಾತು ಕೇಳಿಸಿದ ಎನ್ನುತ್ತದೆ. ಅಂಗಡಿ ನನ್ನದು, ಕಪಾಟು ನನ್ನದು, ಹೆಸರು ಅವನದು!

"ನನ್ನ ಹತ್ರ ಏನೂ ಇಲ್ಲವಾ. ದುಂಡಪ್ಪ ಬಂದ ಮ್ಯಾಲ ಕೇಳು."

"ಇಲ್ಲೇ ಐತಿ ಅಂದ್ರಲ್ರಿ..."

"ಇಲ್ಲ ಅಂದ್ನೆಲ್ಲ?"

ಅವಳು ಸೆರಗು ಸರಿಮಾಡಿಕೊಂಡು ಹೋದಳು.

ಇಲ್ಲ. ಇದೇ ಆ ಎರಡಕ್ಷರ. ಬೆಂಕಿ ಹಚ್ಚಲಿಲ್ಲ, ವಿಷ ಹಾಕಲಿಲ್ಲ. ಡಬ್ಬಿ ಒಡೆಯಲಿಲ್ಲ, ಒಳಗಿದ್ದದ್ದನ್ನು ಅಳಿಸಲೂ ಇಲ್ಲ. ಇಲ್ಲ ಎಂದ, ಅಷ್ಟೇ.

ಅವಳು ಹೋದ ಮೇಲೆ ಈರಸಂಗಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಪಾಟು ತೆಗೆದು ಡಬ್ಬಿ ಹುಡುಕಿದ. 'ಗೌರವ್ವನ ಮನೆ, ಮೊಮ್ಮಗಳ ತೊಟ್ಟಿಲು' ಎಂದು ಬರೆದಿತ್ತು. ಚುಚ್ಚಿದ. ತೆರೆಯಿತು. ತೆಳ್ಳನೆಯ ಹುಡುಗ ಶ್ರೀಶೈಲ, ತಾಯಿಯ ಕೈಯಿಂದ ಕೂಸನ್ನು ಇಸಿದುಕೊಳ್ಳುತ್ತಿದ್ದಾನೆ. "ಯವ್ವಾ, ಕೂಸಿನ್ನ ನನ್ನ ಕಡೆ ಕೊಡ. ನೀ ಉಣ್ಣಾಕ ಹೋಗು. ಮುಂಜಾನಿಂದ ಏನೂ ತಿಂದಿಲ್ಲ ನೀ." ಇಷ್ಟೇ ಮಾತು.

ಆಗ ಈರಸಂಗಪ್ಪನಿಗೆ ಏನನ್ನಿಸಿತು ಅಂದುಕೊಂಡಿರಿ? ನಾಚಿಕೆ? ಅಲ್ಲ ತಾಯಂದಿರೇ. ಮೊದಲು ಬಂದದ್ದು ನಾಚಿಕೆ ಅಲ್ಲ. ಆ ಹಳೇ ಕ್ಯಾಮೆರಾದಲ್ಲಿ ಇಷ್ಟು ಸ್ವಚ್ಛ ದನಿ ಹೇಗೆ ಹಿಡಿದ ಇವನು, ಅಂತ ಬಂತು! ಅಲ್ಲೂ ಉರಿ. ನಾಚಿಕೆ ಬಂದದ್ದು ಮೂರನೆಯ ಸಲ ಕೇಳಿದಾಗ. ಡಬ್ಬಿಯನ್ನೂ ಲ್ಯಾಪ್‌ಟಾಪನ್ನೂ ಎತ್ತಿಕೊಂಡು, ಬಾಗಿಲು ಹಾಕದೆ ಓಡಿದ.

ಗೌರವ್ವನ ಓಣಿಯ ತಿರುವಿನಲ್ಲೇ ಗೊತ್ತಾಯಿತು. ಗಂಡಸರು ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಒಳಗಿನಿಂದ ಹೆಂಗಸರ ಅಳು. ಅವನು ಅಲ್ಲಿಂದಲೇ ತಿರುಗಿ ಬಂದ.

ದುಂಡಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಮಿರಜಿನಿಂದ ಬಂದಾಗ ಈರಸಂಗಪ್ಪ ಏನೂ ಮುಚ್ಚಿಡದೆ ಹೇಳಿದ. ದುಂಡಪ್ಪ ಕೂಗಾಡಲಿಲ್ಲ.

"ಡಬ್ಬಿ ಓಡ್ತೈತೇನು?"

"ಓಡ್ತೈತಿ."

"ಎಲ್ಲಾ ಅದಾವೇನು ಒಳಗ?"

"ಎಲ್ಲಾ ಅದಾವ."

"ಹಂಗಾದ್ರ ಇಷ್ಟ ವರ್ಷ ಎರಡೆರಡು ಇಟ್ಟು ನಾ ಏನು ಉಳಿಸಿದೆ?" ಎಂದ ದುಂಡಪ್ಪ. ಆಮೇಲೆ ಹೇಳಿದ: "ನನ್ನ ಮುಂದ ಅಂದಿ. ಆಕಿ ಮುಂದ ಹೋಗಿ ಅನ್ನು."

ಹೋದ. ಮಹಾನಂದಾ ಬಾಗಿಲಲ್ಲೇ ನಿಂತು ಡಬ್ಬಿ ತೆಗೆದುಕೊಂಡಳು.

"ಇದು ಅವತ್ತು ನಿಮ್ಮ ಹತ್ರನ ಇತ್ತೇನ್ರಿ?"

"ಇತ್ತು ತಾಯಿ. ತಪ್ಪಾತು."

"ನಮ್ಮತ್ತಿ ನಾ ತರ್ತೀನಂತ ಬಾಗಿಲ ಕಡೇನ ಕಿವಿ ಕೊಟ್ಟಿದ್ದಳ್ರಿ," ಎಂದಳು. ಬಾಗಿಲು ಹಾಕಿಕೊಂಡಳು. ಮತ್ತೆಂದೂ ಅವನ ಅಂಗಡಿಯ ಕಡೆ ನೋಡಲಿಲ್ಲ. ಅವನೂ ಕ್ಷಮಿಸು ಎಂದು ಮತ್ತೆ ಕೇಳಲಿಲ್ಲ. ಯಾವ ಬಾಯಿಂದ ಕೇಳುತ್ತಾನೆ?

ಈಗ ನಿಮ್ಮ ಕಡೆ ತಿರುಗುತ್ತೇನೆ. ಈರಸಂಗಪ್ಪ ಎಂಥವನಪ್ಪಾ ಎಂದು ನಾಲಿಗೆ ಲೊಚಗುಟ್ಟಿದಿರಿ. ಓರಗಿತ್ತಿಯ ಮಗಳನ್ನು ನೋಡುವುದಕ್ಕೆ ವರನ ಕಡೆಯವರು ಬಂದು ದಾರಿ ಕೇಳಿದಾಗ, ನಮಗೆ ಗೊತ್ತಿಲ್ಲ ಎಂದವರು ಇಲ್ಲಿ ಯಾರೂ ಇಲ್ಲವೇ? ಪಕ್ಕದ ಅಂಗಡಿಯವನನ್ನು ಹುಡುಕಿ ಬಂದ ಗಿರಾಕಿಗೆ, ಅವ ಇವತ್ತು ಬರುವುದಿಲ್ಲ ಎಂದವರು ಇಲ್ಲವೇ? ಕೈ ಎತ್ತುವುದು ಬೇಡ. ನಿಮಗೆ ಗೊತ್ತಿದ್ದರೆ ಸಾಕು.

ಎರಡು ಕೆಲಸ ಹೇಳುತ್ತೇನೆ. ಮೊದಲನೆಯದನ್ನು ಈ ವಾರವೇ ಮಾಡಿ. ನಿಮ್ಮ ಫೋನಿನಲ್ಲಿ ತಾಯಿಯ ದನಿ ಇದೆ, ಮಕ್ಕಳ ತೊದಲು ಮಾತು ಇದೆ. ಅದನ್ನು ಎರಡು ಹಾರ್ಡ್ ಡಿಸ್ಕಿಗೆ ಹಾಕಿ. ಬರದಿದ್ದರೆ ಬಲ್ಲವರನ್ನು ಕೇಳಿ, ಅದರಲ್ಲಿ ಸಣ್ಣತನವಿಲ್ಲ. ಒಂದು ನಿಮ್ಮ ಮನೆಯಲ್ಲಿರಲಿ. ಇನ್ನೊಂದು ಬೇರೆ ಮನೆಯಲ್ಲಿರಬೇಕು, ಬೆಂಕಿ ನೀರು ಹೇಳಿ ಬರುವುದಿಲ್ಲ. ಯಾರ ಮನೆ? ಯಾರ ಹೆಸರು ಕೇಳಿದರೆ ನಿಮ್ಮ ಮೈ ಉರಿಯುತ್ತದೋ, ಅವರ ಮನೆ. ನಗಬೇಡಿ, ನಿಜ ಹೇಳುತ್ತಿದ್ದೇನೆ. ನಮ್ಮ ಪ್ರಾಣದಂಥದ್ದನ್ನು ಯಾರ ಕೈಗೆ ಕೊಟ್ಟಿರುತ್ತೇವೋ ಅವರಿಗೆ ಕೇಡು ಬಯಸುವುದಕ್ಕೆ ಮನಸ್ಸು ಬರುವುದಿಲ್ಲ.

ಎರಡನೆಯದು, ಇವತ್ತೇ ಮನೆಗೆ ಹೋಗುವ ದಾರಿಯಲ್ಲಿ ಅವರ ಬಾಗಿಲು ತಟ್ಟಿ. ಏನು ಮಾತಾಡುವುದು ತಿಳಿಯದಿದ್ದರೆ, ನಿಮ್ಮ ಮಕ್ಕಳ ಫೋಟೊ ನಮ್ಮ ಮನೆಯಲ್ಲೂ ಒಂದು ಪ್ರತಿ ಇರಲಿ, ಕೊಡಿ, ನಾವು ಕಾಯುತ್ತೇವೆ ಎನ್ನಿ. ಅಷ್ಟು ಹೇಳಿದರೆ ಸಾಕು. ಮೊದಲ ಸಲ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಳ್ಳಲಿ. ಆದರೂ ಹೇಳಿ.