ಮೂರು ಕಲ್ಲಿನ ಗಂಟು

ಕೂತ್ಕೊಳ್ರಿ, ಪ್ರಾರ್ಥನೆ ಮುಗೀತು ಅಂತ ಎದ್ದು ಓಡಬೇಡಿ. ಈ ಮಾರ್ತಜ್ಜಿ ಒಂದು ಕಥೆ ಹೇಳ್ತಾಳೆ. ಹೂಂ ಅನ್ನದಿದ್ರೆ ಅರ್ಧಕ್ಕೇ ನಿಲ್ಲಿಸ್ತೀನಿ, ಗೊತ್ತಲ್ಲ.

ಏಳು ಹೊಳೆ ಆಚೆ ಒಂದು ರಾಜ್ಯ. ಹೆಸರು ಕೇಳಬೇಡಿ, ನಮ್ಮಜ್ಜಿ ನಂಗೂ ಹೇಳಲಿಲ್ಲ. ಅಲ್ಲಿನ ರಾಜ ಮುನಿದರೆ ಸಾಕು, ಜನರನ್ನ ಎಳೆದು ಸೆರೆಗೆ ಹಾಕೋನು. ಅಲ್ಲಿ ಚಾಪೆ ಹೆಣೆಯೋ ಸಣ್ಣೀರಿ ಅಂತ ಒಬ್ಬಳು. ತನ್ನ ಸರದಿ ಬಂತು ಅಂತ ಗೊತ್ತಾದದ್ದೇ, ಒಲೆಯ ಮೂರು ಕಲ್ಲು ಕಿತ್ತು, ಗಂಟು ಕಟ್ಟಿ, ತಲೆ ಮೇಲೆ ಹೊತ್ತು ಓಡಿದಳು. ಹೊಳೆ ದಾಟಿದಳು, ಕಾಡು ದಾಟಿದಳು, ಗುಡ್ಡ ದಾಟಿದಳು. ಇನ್ನೊಂದು ರಾಜ್ಯದ ಹೆಬ್ಬಾಗಿಲಿಗೆ ಬಂದಳು.

ಬಾಗಿಲು ಕಾಯೋ ಮುದುಕ ಕೇಳಿದ: "ನಿನಗೆ ಯಾರು ಹೊಣೆ, ತಾಯಿ? ಹೊಣೆ ಇದ್ರೆ ಒಳಗೆ, ಇಲ್ಲದಿದ್ರೆ ಹೊರಗೆ."

"ಹತ್ತು ಚಾಪೆ ಹೆಣೆದು ಕೊಡ್ತೀನಣ್ಣ."

"ಚಾಪೆ ಕೇಳಲಿಲ್ಲ ನಾನು."

ದಾರೀಲಿ ಹೋಗ್ತಿದ್ದ, ಈ ಹೊಸ ರಾಜ್ಯದ ರಾಜನ ಮಗ ನಿಂತ. "ಇವಳಿಗೆ ನಾನೇ ಹೊಣೆ" ಅಂದ. ಅಷ್ಟೇ ಮಾತು. ಮುದುಕ ಅವಳ ಹೆಸರನ್ನ ಬಾಗಿಲ ಕಲ್ಲಲ್ಲಿ ಕೆತ್ತಿಸಿದ. "ಇವತ್ತಿಂದ ನೀನು ಈ ರಾಜ್ಯದೋಳು. ಒಲೆ ಹೂಡು. ಮೊದಲ ರೊಟ್ಟಿ ಬಾಗಿಲಿಗೆ ಬಂದವರಿಗೆ ಹಾಕು. ಅದು ನಮ್ಮ ಪದ್ಧತಿ."

ಗುಡಿಸಲು ಸಿಕ್ತು. ಒಲೆ ಹೂಡಿದಳಾ? ಎಲ್ಲಿಂದ ಹೂಡ್ತಾಳೆ, ಗಂಟೇ ಬಿಚ್ಚಲಿಲ್ಲ ಮಹಾತಾಯಿ! ಯಾವಾಗ ಓಡಿಸ್ತಾರೋ ಅಂತ ಭಯ. ಹುರಿಗಾಳು ತಿಂದು, ನೀರು ಕುಡಿದು, ಹೊಸ್ತಿಲ ಹತ್ರ ಮಲಗೋಳು.

ಬೆಳಗಾದ್ರೆ ಹೆಬ್ಬಾಗಿಲಿಗೆ ಓಟ. "ಅಣ್ಣ, ನನ್ನ ಹೆಸರು ಇದೆಯಾ?" "ಇದೆ." ಮಧ್ಯಾಹ್ನ ಮತ್ತೆ ಓಟ. "ಇದೆಯಾ?" "ಇದೆ ಕಣಮ್ಮ." ಸಂಜೆ ಮತ್ತೆ. "ಕಲ್ಲಲ್ಲಿ ಕೆತ್ತಿದ್ದು ಎಲ್ಲಿಗೆ ಹೋಗುತ್ತೆ?" ಅಂತ ಮುದುಕ ಗೊಣಗೋನು.

ಕೇಳಿ. ಒಂದಿನ, ಅಂಜಿದವರ ಮೇಲೆ ಕಪ್ಪೆ ಎಸೆದ ಹಾಗೆ, ಹಳೇ ರಾಜನ ಆಳು ಅವಳನ್ನ ಹುಡುಕ್ಕೊಂಡು, ಬಾಗಿಲ ಮುದುಕನ ಕಣ್ಣು ತಪ್ಪಿಸಿ ಊರೊಳಗೇ ಬಂದ. ಸಣ್ಣೀರಿ ಗಂಟು ಹೊತ್ತು ಹೊಸ್ತಿಲು ದಾಟೋಕೆ ಹೋದ್ರೆ, ಎದುರಿಗೆ ರಾಜನ ಮಗ.

"ಹಸಿವಾಗಿದೆ ಸಣ್ಣೀರವ್ವ. ಒಂದು ರೊಟ್ಟಿ ಹಾಕ್ತೀಯಾ?"

"ದಾರಿ ಬಿಡಿ ಸ್ವಾಮಿ. ನಾನು ಪರದೇಶಿ, ನನಗೆಲ್ಲಿ ಒಲೆ?"

"ತಲೆ ಮೇಲಿರೋದೇನು?"

"ಅವನು ನನ್ನ ಎಳ್ಕೊಂಡು ಹೋದ್ರೆ?"

"ಹೊಣೆ ನಾನಲ್ಲವಾ? ಮೊದಲು ನನ್ನನ್ನ ದಾಟಲಿ."

ಸಣ್ಣೀರಿ ಗಳಗಳ ಅತ್ತಳು. ಅಳ್ತಾನೇ ಗಂಟು ಬಿಚ್ಚಿದಳು. ಮೂರು ಕಲ್ಲು ಹೂಡಿದಳು. ಪಕ್ಕದ ಮನೆಯಿಂದ ಹಿಟ್ಟು, ಹೆಂಚು, ಬೆಂಕಿ ತಂದಳು. ಮೊದಲ ರೊಟ್ಟಿ ರಾಜನ ಮಗನಿಗೆ ಹಾಕಿದಳು.

ಅಷ್ಟರಲ್ಲಿ ಆಳು ಬಂದೇಬಿಟ್ಟ. "ಏಯ್, ಯಾವ ರಾಜ್ಯದೋಳೇ ನೀನು?"

ಅವಳು ರೊಟ್ಟಿ ತಟ್ಟೋದು ಬಿಡಲಿಲ್ಲ. "ಒಲೆ ಉರೀತಿರೋದು ಕಾಣಲ್ವಾ? ಈ ರಾಜ್ಯದೋಳು. ದೂರದಿಂದ ಬಂದಿದ್ದೀಯ, ಕೂತ್ಕೊಳಪ್ಪ, ನಿನಗೂ ಒಂದು ಹಾಕ್ತೀನಿ."

ಅವನು ನಿಂತ, ನೋಡಿದ, ಕೂತ. ರೊಟ್ಟಿ ತಿಂದು ಮುಗಿಸಿ, ಮೆಲ್ಲಗೆ ಕೇಳಿದ: "ಅಕ್ಕ, ನನಗೂ ಯಾರಾದ್ರೂ ಹೊಣೆ ನಿಲ್ತಾರಾ?"

ನಮ್ಮದೂ ಇದೇ ಪಾಡು. ದೀಕ್ಷಾಸ್ನಾನ ಆಗಿದೆ, ಯೇಸುಸ್ವಾಮಿ ಹೊಣೆ ನಿಂತಿದ್ದಾರೆ. ಆದ್ರೂ "ಹೆಸರು ಇದೆಯಾ" ಅಂತ ದಿನಾ ಕೇಳ್ತಾ ಇರ್ತೀವಿ. ನಾನೇ ಮೂವತ್ತು ವರ್ಷ ಗಂಟು ಬಿಚ್ಚದೆ ಕೂತಿದ್ದೆ, ನಿಮಗೇನು ಬುದ್ಧಿ ಹೇಳಲಿ.

ಒಲೆ ಸಣ್ಣೀರಿಗೆ, ರೊಟ್ಟಿ ಬಂದೋರಿಗೆ, ಕಥೆ ನಿಮಗೆ. ಏಳಿ, ಮನೇಗೆ ಹೋಗಿ ಒಲೆ ಹಚ್ಚಿ. ಬಾಗಿಲು ಮಾತ್ರ ತೆಗೆದಿಡಿ.